ಥೆಮಿಸ್ಟೋಕ್ಲಿಸ್ ಗ್ಲೂಕ್

ಥೆಮಿಸ್ಟೋಕ್ಲಿಸ್ ಗ್ಲೂಕ್ (30 ನವೆಂಬರ್ 1853 – 25 ಏಪ್ರಿಲ್ 1942) ಜರ್ಮನಿಯ ಶಸ್ತ್ರವೈದ್ಯರು. ಕೆಟ್ಟುಹೋದ ಮೊಣಕಾಲಿನ ಕೀಲನ್ನು ತೆಗೆದು, ಅದರ ಸ್ಥಾನದಲ್ಲಿ ಆನೆದಂತದಿಂದ ಮಾಡಿದ ಕೃತಕ ಕೀಲನ್ನು ಮೊದಲಿಗೆ ಜೋಡಿಸಿದವರೆಂದು ವೈದ್ಯಕೀಯ ಇತಿಹಾಸದಲ್ಲಿ ಇವರ ಹೆಸರು ನಿಂತಿದೆ.

ಜನನ ಮತ್ತು ವಿದ್ಯಾಭ್ಯಾಸ

ಗ್ಲೂಕ್ ಅವರು ಇಂದಿನ ರೊಮೇನಿಯಾಕ್ಕೆ ಸೇರಿದ ಯಾಶ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರಾಗಿದ್ದರು. ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಅವರ ಶಿಷ್ಯರಾದರು. 1882ರಲ್ಲಿ ಲಾಂಗೆನ್‌ಬೆಕ್ ನಿವೃತ್ತರಾದ ಮೇಲೆ ಆ ಪೀಠಕ್ಕೆ ಬಂದ ಅರ್ನ್ಸ್ಟ್ ಫಾನ್ ಬೆರ್ಗ್‌ಮನ್ ಅವರ ಕೈಕೆಳಗೂ ಕೆಲಸ ಮಾಡಿದರು. ತುಂಡಾದ ನರಗಳನ್ನು ಹೊಲಿದು ಕೂಡಿಸುವುದು, ನಷ್ಟವಾದ ಸ್ನಾಯುರಜ್ಜುವಿನ ಜಾಗವನ್ನು ದಾರದಿಂದ ತುಂಬುವುದು ಮೊದಲಾದ ಪ್ರಯೋಗಗಳನ್ನು ಪ್ರಾಣಿಗಳ ಮೇಲೆ ನಡೆಸಿದರು. ದೇಹದ ಯಾವ ಭಾಗ ನಾಶವಾದರೂ ಅದಕ್ಕೆ ಬದಲಿಯನ್ನು ಒದಗಿಸಬಹುದೆಂಬುದು ಅವರ ನಂಬಿಕೆಯಾಗಿತ್ತು.

ಆನೆದಂತದ ಮೊಣಕಾಲು

ಆ ಕಾಲದಲ್ಲಿ ಕ್ಷಯರೋಗವು ಕೀಲುಗಳಿಗೆ ತಗುಲಿದರೆ ರೋಗಿಗೆ ಉಳಿಯುತ್ತಿದ್ದ ದಾರಿಗಳು ಕೆಲವೇ: ಕಾಲನ್ನು ಕತ್ತರಿಸುವುದು, ಇಲ್ಲವೇ ಕೀಲನ್ನು ಕೊರೆದು ತೆಗೆದು ಕಾಲು ಮಡಚಲಾಗದಂತೆ ಸೆಟೆಸಿಬಿಡುವುದು. 1890ರ ಮೇ 20ರಂದು ಗ್ಲೂಕ್ ಅವರು ಹದಿನೇಳು ವರ್ಷದ ಯುವತಿಯೊಬ್ಬಳ ರೋಗಗ್ರಸ್ತ ಮೊಣಕಾಲಿಗೆ ಬಿಜಾಗರಿಯ ಮಾದರಿಯ ದಂತದ ಕೀಲನ್ನು ಅಳವಡಿಸಿದರು. ಅದನ್ನು ಮೂಳೆಗೆ ಕಚ್ಚಿಸಲು ರಾಳ, ಪ್ಯೂಮಿಸ್ ಕಲ್ಲಿನ ಪುಡಿ ಹಾಗೂ ಪ್ಲಾಸ್ಟರ್ ಬೆರೆಸಿದ ಗಾರೆಯನ್ನು ಬಳಸಿದರು. ಮೊಣಕೈ, ಮಣಿಕಟ್ಟುಗಳಿಗೂ ಇಂತಹ ಕೀಲುಗಳನ್ನು ಜೋಡಿಸಿದರು. ಆರಂಭದ ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ ಒಳಗೆ ಉಳಿದ ಸೋಂಕು ಮರುಕಳಿಸಿ, ಕೀವು ತುಂಬಿ, ಕೀಲುಗಳು ವಿಫಲವಾದವು. ಕ್ಷಯಕ್ಕೆ ಪರಿಣಾಮಕಾರಿ ಔಷಧ ದೊರೆತದ್ದು 1940ರ ದಶಕದಲ್ಲಿ.

ವಿರೋಧ

ಅದೇ ವರ್ಷ ಬರ್ಲಿನ್ನಿನಲ್ಲಿ ಹತ್ತನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆಯಿತು. ಈ ಶಸ್ತ್ರಕ್ರಿಯೆಗಳು ಜರ್ಮನ್ ಶಸ್ತ್ರವೈದ್ಯಕ್ಕೆ ಕಳಂಕ ತರುವುವೆಂದು ಭಾವಿಸಿದ ಬೆರ್ಗ್‌ಮನ್, ಗ್ಲೂಕ್ ಅವರು ತಮ್ಮ ಕಾರ್ಯವನ್ನು ಅಲ್ಲಿ ಮಂಡಿಸದಂತೆ ತಡೆದರು. ಗುರುಸ್ಥಾನದಲ್ಲಿದ್ದವರ ಈ ವಿರೋಧದಿಂದ ಕೃತಕ ಕೀಲಿನ ವಿಚಾರ ದಶಕಗಳ ಕಾಲ ಮೂಲೆಗುಂಪಾಯಿತು. ಮುಂದೆ ಗ್ಲೂಕ್ ಅವರು ಬರ್ಲಿನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಅಸ್ಥಿರಜ್ಜುಗಳ ಪ್ರಶ್ನೆ

ಸೋಂಕು ಇಲ್ಲದಿದ್ದರೂ ಬಿಜಾಗರಿಯ ಕೀಲಿಗೆ ಒಂದು ಮಿತಿಯಿತ್ತು. ಬಾಗಿಲಿನಂತೆ ಅದು ಒಂದೇ ಅಕ್ಷದಲ್ಲಿ ತಿರುಗಬಲ್ಲದು. ನಿಜವಾದ ಮೊಣಕಾಲು ಮಡಚುವಾಗ ತೊಡೆಮೂಳೆಯು ಕೆಳಗಿನ ಮೂಳೆಯ ಮೇಲೆ ಉರುಳುತ್ತದೆ, ಜಾರುತ್ತದೆ, ಕೊಂಚ ತಿರುಚಿಕೊಳ್ಳುತ್ತದೆ. ಈ ಚಲನೆಗೆ ಕಡಿವಾಣ ಹಾಕುವುದು ಕೀಲಿನ ನಡುವೆ ಅಡ್ಡಹಾಯ್ದ ಎರಡು ಅಸ್ಥಿರಜ್ಜುಗಳು ಮತ್ತು ಎರಡು ಪಕ್ಕಗಳಲ್ಲಿರುವ ಅಸ್ಥಿರಜ್ಜುಗಳು. ಬಿಜಾಗರಿಯು ಅವುಗಳ ಕೆಲಸವನ್ನು ತಾನೇ ವಹಿಸಿಕೊಳ್ಳುವುದರಿಂದ ತಿರುಚುವ ಬಲವೆಲ್ಲ ಗಾರೆ ಮತ್ತು ಮೂಳೆ ಕೂಡುವ ಜಾಗಕ್ಕೆ ಬಿದ್ದು, ಕೀಲು ಸಡಿಲವಾಗುತ್ತದೆ. 1950ರ ದಶಕದ ಲೋಹದ ಬಿಜಾಗರಿ ಕೀಲುಗಳೂ ಈ ತೊಂದರೆಯಿಂದ ಮುಕ್ತವಾಗಿರಲಿಲ್ಲ. 1970ರ ದಶಕದಲ್ಲಿ ಜಾನ್ ಇನ್ಸಾಲ್ ಮೊದಲಾದವರು ಮೂಳೆಯ ತುದಿಗಳಿಗೆ ಮಾತ್ರ ಹೊಸ ಹೊದಿಕೆ ತೊಡಿಸಿ, ಪಕ್ಕದ ಅಸ್ಥಿರಜ್ಜುಗಳನ್ನು ಉಳಿಸಿಕೊಂಡರು. ಕಾಲು ನೀಡಿದಾಗಲೂ ಮಡಚಿದಾಗಲೂ ಅವುಗಳ ಬಿಗಿತ ಸಮನಾಗಿರುವಂತೆ ಹೊಂದಿಸುವುದು ಅಂದಿನಿಂದ ಈ ಶಸ್ತ್ರಕ್ರಿಯೆಯ ಮುಖ್ಯ ನಿಯಮವಾಯಿತು.

ನಿಧನ

ಗ್ಲೂಕ್ ಅವರು 1942ರಲ್ಲಿ ಬರ್ಲಿನ್ನಿನಲ್ಲಿ ನಿಧನರಾದರು. ಬದಲಿ ಕೀಲು, ಅದನ್ನು ಮೂಳೆಗೆ ಕಚ್ಚಿಸುವ ಗಾರೆ, ಎರಡನ್ನೂ ಮೊದಲೇ ಕಂಡುಕೊಂಡಿದ್ದ ಅವರು ತಮ್ಮ ವಿಚಾರ ಜಗತ್ತಿನ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದನ್ನು ಕಾಣಲಿಲ್ಲ.