ಬಾಲಗಂಧರ್ವ: ರಂಗದಿಂದ ಮನೆಯಂಗಳಕ್ಕೆ ಇಳಿದ ವೇಷ

ಗಡಿನಾಡಿನಲ್ಲಿ ಬಾಳುವ ನಮಗೆ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡಿ ಬೆಳೆದ ಭಾಷೆಗಳು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಹಾಡಿಗೆ ಎರಡೂ. ಆದುದರಿಂದ ಕನ್ನಡ ಶಾಲೆಯೊಂದರ ಶತಮಾನೋತ್ಸವ ಸಂಪುಟದಲ್ಲಿ ಮರಾಠಿ ರಂಗಭೂಮಿಯ ನಟರೊಬ್ಬರ ಜೀವನವನ್ನು ಬರೆಯುವುದು ನಮಗೆ ಅಸಹಜವೆನಿಸುವುದಿಲ್ಲ. ಆ ರಂಗಭೂಮಿಯ ಬೇರಿನಲ್ಲೇ ಕನ್ನಡದ ನೀರಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರು ಸಾಂಗಲಿಯ ಅರಸರ ಮುಂದೆ ಆಡಿ ತೋರಿಸಿದ ಆಟವೇ 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕವನ್ನು ರಂಗಕ್ಕೆ ತರಲು ಪ್ರೇರಣೆಯಾಯಿತು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರು ಕಟ್ಟಿದ ಮಂಡಳಿಯಲ್ಲಿಯೇ ಮುಂದೆ ಬೆಳಗಿದವರು ಬಾಲಗಂಧರ್ವರು.

ಅವರ ನಿಜನಾಮ ನಾರಾಯಣ ಶ್ರೀಪಾದ ರಾಜಹಂಸ. ಜನನ 1888ರ ಜೂನ್ 26ರಂದು. ಇನ್ನೂ ಹುಡುಗನಾಗಿದ್ದಾಗಲೇ ಪುಣೆಯಲ್ಲಿ ಅವರ ಹಾಡು ಕೇಳಿ ಸಂತೋಷಗೊಂಡ ಲೋಕಮಾನ್ಯ ತಿಲಕರು ಬಾಲಗಂಧರ್ವ ಎಂದು ಕರೆದರೆಂಬುದು ಪ್ರಸಿದ್ಧವಾದ ಸಂಗತಿ. ಆ ಹೆಸರೇ ಕೊನೆಯವರೆಗೆ ನಿಂತಿತು. ಅವರ ಸಂಗೀತ ಗುರುಗಳಾದ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರೆಂಬುದನ್ನೂ ನಾವು ಇಲ್ಲಿ ನೆನೆಯಬೇಕು. ಹುಡುಗನಿಗೆ ಕಿವಿಯ ತೊಂದರೆಯಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ಮಿರಜದಲ್ಲಿ ಅದಕ್ಕೆ ಚಿಕಿತ್ಸೆ ಕೊಡಿಸಿದರು. ಹಾಡುವವನ ಕಿವಿ ಹೋದರೆ ಕಂಠವಿದ್ದೂ ಇಲ್ಲದಂತೆಯೇ ಸರಿ. ಆ ಕಾಳಜಿ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೇನೋ. 1905ರಲ್ಲಿ, ತಮ್ಮ ಹದಿನೇಳರ ಹರೆಯದಲ್ಲಿ, ಅದೇ ಮಿರಜದಲ್ಲಿ ಅವರು ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ರಂಗಕ್ಕೆ ಬಂದರು.

ಕುಲೀನರೆನಿಸಿಕೊಂಡ ಮನೆತನಗಳ ಹೆಣ್ಣುಮಕ್ಕಳು ರಂಗ ಹತ್ತುವುದು ಅಂದು ನಿಷಿದ್ಧವಾಗಿತ್ತು. ಹತ್ತಿದವರನ್ನು ಸಮಾಜ ತನ್ನ ಸಾಲಿನಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಮಂಡಳಿಗಳಲ್ಲಿ ಹೆಣ್ಣಿನ ಪಾತ್ರವನ್ನು ಮೀಸೆ ಮೂಡುವ ವಯಸ್ಸಿನ ಹುಡುಗರೇ ಮಾಡುತ್ತಿದ್ದರು. ಈ ವೇಷ ರಂಗದ ಮೇಲಿನ ಕೆಲವು ತಾಸುಗಳಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ತಂದೆ ತೀರಿಕೊಂಡಾಗ ಮಾತ್ರ ಗಂಡಸು ಮೀಸೆ ಬೋಳಿಸುತ್ತಿದ್ದ ಕಾಲದಲ್ಲಿ, ಸ್ತ್ರೀಪಾತ್ರದ ನಟನು ತಂದೆ ಬದುಕಿರುವಾಗಲೇ ಬೋಳು ಮೋರೆಯಲ್ಲಿ ಊರಿನ ಬೀದಿ ತಿರುಗಬೇಕಾಗಿತ್ತು. ಹದಿನೆಂಟು ಮೊಳದ ಸೀರೆಯ ಕಚ್ಚೆ ಕಟ್ಟುವುದನ್ನು ಕಲಿಯಬೇಕು. ಆಭರಣದ ಭಾರ ಹೊತ್ತು ರಾತ್ರಿಯೆಲ್ಲ ಹಾಡಬೇಕು. ಸೆರಗು ಸರಿಪಡಿಸುವ ಕೈಗೆ ಅದು ಅಭ್ಯಾಸವೆಂದು ಅನಿಸಬಾರದು, ಸ್ವಭಾವವೆಂದೇ ಅನಿಸಬೇಕು. ಹಗಲೆಲ್ಲ ಸಾಧಿಸಿದರೆ ಮಾತ್ರ ರಾತ್ರಿ ಒದಗಿ ಬರುವ ವಿದ್ಯೆ ಅದು.

ಆ ವಿದ್ಯೆ ಕೇಳುವ ಬೆಲೆ ಏನೆಂಬುದು 1911ರ ಮಾರ್ಚ್ 12ರಂದು ತಿಳಿಯಿತು. ಕೃಷ್ಣಾಜಿ ಪ್ರಭಾಕರ ಖಾಡಿಲಕರರ ಮಾನಾಪಮಾನ ನಾಟಕದ ಮೊದಲ ಪ್ರಯೋಗ ಅಂದು ಮುಂಬಯಿಯಲ್ಲಿ ಏರ್ಪಾಡಾಗಿತ್ತು. ಬಾಲಗಂಧರ್ವರದು ಭಾಮಿನಿಯ ಪಾತ್ರ. ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಳು. ಪ್ರಯೋಗ ನಿಲ್ಲಲಿಲ್ಲ. ಮಗಳನ್ನು ಕಳೆದುಕೊಂಡ ತಂದೆ ಆ ರಾತ್ರಿ ಸಿರಿವಂತ ಮನೆಯ ಗರ್ವದ ಕನ್ಯೆಯಾಗಿ ನಕ್ಕು, ಮುನಿದು, ಹಾಡಿದರು. ಇದನ್ನು ಕರ್ತವ್ಯನಿಷ್ಠೆಯ ಉದಾಹರಣೆಯಾಗಿ ಹೇಳುವುದು ವಾಡಿಕೆ. ನಾವಾದರೋ ಅದರ ಜೊತೆಗೆ ಇನ್ನೊಂದನ್ನೂ ನೆನೆಯಬಯಸುತ್ತೇವೆ: ಆ ಸಂಜೆ ಮನೆಯಲ್ಲಿ ಉಳಿದಿದ್ದ ಪತ್ನಿ ಲಕ್ಷ್ಮೀಬಾಯಿಯವರ ದುಃಖಕ್ಕೆ ಪಕ್ಕದಲ್ಲಿ ಕೂರುವವರು ಇರಲಿಲ್ಲ. ರಂಗದ ಮೇಲಿನ ಹೆಣ್ಣಿಗೆ ಸಾವಿರ ಕಣ್ಣುಗಳಿದ್ದವು. ಮನೆಯೊಳಗಿನ ಹೆಣ್ಣಿನ ಕಣ್ಣೀರನ್ನು ಯಾರೂ ಕಾಣಲಿಲ್ಲ.

1913ರಲ್ಲಿ ಬಾಲಗಂಧರ್ವರು ಗಣಪತರಾವ್ ಬೋಡಸ್ ಮತ್ತು ಗೋವಿಂದರಾವ್ ಟೆಂಬೆಯವರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. 1916ರಲ್ಲಿ ಸ್ವಯಂವರ ನಾಟಕದ ರುಕ್ಮಿಣಿಯಾಗಿ ಅವರು ಕೀರ್ತಿಯ ಶಿಖರವನ್ನೇರಿದರು. ಅದರ ಸಂಗೀತ ಗುರು ಬಖಲೆಯವರದೇ. ಒಂದೊಂದು ಪದಕ್ಕೂ ವನ್ಸ್ ಮೋರ್ ಎಂಬ ಕೂಗು ಏಳುತ್ತಿತ್ತು; ಆಟ ಮುಗಿಯುವಾಗ ಮೂಡಣ ಬೆಳಗಾಗುತ್ತಿತ್ತು.

ಆದರೆ ಆಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಯಾರೂ ಉದ್ದೇಶಿಸದಿದ್ದ ಒಂದು ಪರಿಣಾಮ ಮರುದಿನ ಮನೆಮನೆಯ ಕನ್ನಡಿಯ ಮುಂದೆ ಕಾಣಿಸಿಕೊಳ್ಳುತ್ತಿತ್ತು. ಮಹಾರಾಷ್ಟ್ರದ ನಗರಗಳ ಸುಶಿಕ್ಷಿತ ಕುಟುಂಬಗಳ ಹೆಂಗಸರು ಭಾಮಿನಿಯಂತೆ ಸೀರೆ ಉಡತೊಡಗಿದರು. ರುಕ್ಮಿಣಿಯಂತೆ ತುರುಬು ಕಟ್ಟಿ ಹೂ ಮುಡಿದರು. ಸೆರಗನ್ನು ಎರಡೂ ಭುಜ ಮುಚ್ಚುವಂತೆ ಹೊದೆಯುವ ಅವರ ರೀತಿ ಮನೆತನದ ಮರ್ಯಾದೆಯ ಗುರುತಾಯಿತು. ಅವರ ಚಿತ್ರಗಳು ಅಂಗಡಿಯ ಸರಕುಗಳ ಮೇಲೂ ಗೋಡೆಗಳ ಮೇಲೂ ಬಂದವು. ರಂಗಕ್ಕಾಗಿ ಆಯ್ದ ಸೀರೆಯ ಬಣ್ಣ, ಅಂಚು, ಒಡವೆಯ ಮಾದರಿ ಇವೆಲ್ಲ ನೇಕಾರನವರೆಗೂ ಅಕ್ಕಸಾಲಿಗನವರೆಗೂ ಹರಿದು ಹೋದವು.

ಇದರಲ್ಲಿರುವ ವೈಚಿತ್ರ್ಯವನ್ನು ನಾವು ಗಮನಿಸಬೇಕು. ಹೆಣ್ಣನ್ನು ನೋಡಿ ಕಲಿತ ಗಂಡು ಹೆಣ್ಣಿಗೆ ಹೆಣ್ಣುತನದ ಪಾಠ ಹೇಳುವ ಗುರುವಾದನು. ಅದೇ ಕಾಲದಲ್ಲಿ ಮುಂಬಯಿಯ ಗುಜರಾತಿ ರಂಗಭೂಮಿಯಲ್ಲಿ ಜಯಶಂಕರ ಭೋಜಕರೂ ಸ್ತ್ರೀಪಾತ್ರದಲ್ಲಿ ಹೀಗೆಯೇ ಹೆಸರಾದರು. ಅವರು 1901ರಲ್ಲಿ ಮಾಡಿದ ಪಾತ್ರದ ಹೆಸರಾದ ಸುಂದರಿ ಎಂಬುದೇ ಅವರ ಅಂಕಿತವಾಯಿತು. ಅವರ ಉಡುಗೆ ತೊಡುಗೆಯನ್ನೂ ಅಲ್ಲಿನ ಹೆಂಗಸರು ಅನುಸರಿಸಿದರು. ಈ ಪ್ರಭಾವದಲ್ಲಿ ಒಳಿತೂ ಇತ್ತು, ಇಕ್ಕಟ್ಟೂ ಇತ್ತು. ಮನೆಯ ಹೊಸ್ತಿಲು ದಾಟಿ ಹತ್ತು ಜನರ ನಡುವೆ ಹೇಗೆ ಕುಳಿತುಕೊಳ್ಳಬೇಕು, ಹೇಗೆ ಉಡಬೇಕು ಎಂದು ಅಳುಕುತ್ತಿದ್ದ ಆ ತಲೆಮಾರಿನ ಹೆಣ್ಣುಮಕ್ಕಳಿಗೆ ಅಂದವೂ ಗೌರವವೂ ಒಂದೇ ಸೀರೆಯಲ್ಲಿ ಕೂಡಬಹುದೆಂಬ ಧೈರ್ಯ ಅಲ್ಲಿ ದೊರೆಯಿತು. ಆದರೆ ಆ ಮಾದರಿಯ ಹೆಣ್ಣು ಎಂದೂ ದಣಿಯದವಳು, ಎಂದೂ ಅಂದಗೆಡದವಳು. ಒಲೆಯ ಹೊಗೆಗೆ ಕಣ್ಣುಜ್ಜಿಕೊಳ್ಳುವ ನಿಜವಾದ ಗೃಹಿಣಿ ಅವಳಿಗೆ ಸಮನಾಗುವುದು ಸುಲಭವಿರಲಿಲ್ಲ.

ಬಾಲಗಂಧರ್ವರು ಇದನ್ನು ಅರಿಯದವರಲ್ಲವೆಂದು ನಮಗೆ ತೋರುತ್ತದೆ. 1919ರಲ್ಲಿ ರಾಮ ಗಣೇಶ ಗಡಕರಿಯವರ ಏಕಚ್ ಪ್ಯಾಲಾ ನಾಟಕದಲ್ಲಿ ಅವರು ಸಿಂಧುವಿನ ಪಾತ್ರ ವಹಿಸಿದರು. ಸಿಂಧು ಕುಡುಕನ ಹೆಂಡತಿ; ಬೀಸುವ ಕಲ್ಲಿನ ಮುಂದೆ ಕುಳಿತು ಹೊಟ್ಟೆ ಹೊರೆಯುವವಳು. ಜರತಾರಿ ಸೀರೆಗಳ ನಟ ಬಡತನದ ಸೀರೆಯುಟ್ಟು ನೆಲದ ಮೇಲೆ ಕುಳಿತರು. ರುಕ್ಮಿಣಿಯನ್ನು ಅನುಕರಿಸಿದ ಹೆಂಗಸರೇ ಸಿಂಧುವಿನಲ್ಲಿ ತಮ್ಮ ನೆರೆಮನೆಯ ಬಾಳನ್ನು ಕಂಡು ಅತ್ತರು.

ಕೀರ್ತಿಯ ಹಿಂದೆಯೇ ಸಾಲವೂ ಬೆಳೆಯಿತು. ಬಾಲಗಂಧರ್ವರಿಗೆ ರಂಗದ ಮೇಲೆ ನಕಲು ಒಗ್ಗುತ್ತಿರಲಿಲ್ಲ. ಸೀರೆ ನಿಜವಾದ ರೇಷ್ಮೆಯದಾಗಬೇಕು, ಜರಿ ನಿಜವಾದ ಜರಿಯಾಗಬೇಕು, ಅತ್ತರು ಉತ್ತಮವಾದುದೇ ಆಗಬೇಕು. ತಬಲೆಗೆ ಅಹಮದ್ ಜಾನ್ ತಿರಖವಾ, ಸಾರಂಗಿಗೆ ಕಾದರ್ ಬಕ್ಷ್ ಅಂಥವರು ಬೇಕು. ಗಂಡುವೇಷದ ನಟನು ಒಂದು ಶಾಲು, ಒಂದು ಪೇಟದಲ್ಲಿ ಹಲವು ವರ್ಷ ಕಳೆಯಬಹುದು. ಸ್ತ್ರೀವೇಷಕ್ಕೆ ಪೆಟ್ಟಿಗೆ ತುಂಬುವ ಬಟ್ಟೆ ಬೇಕು, ಅದನ್ನು ಸುಸ್ಥಿತಿಯಲ್ಲಿಡಲು ಆಳು ಬೇಕು, ಊರಿಂದೂರಿಗೆ ಸಾಗಿಸಲು ಬಂಡಿ ಬೇಕು. ಪಾಲುದಾರರು ಒಬ್ಬೊಬ್ಬರಾಗಿ ದೂರವಾದರು. 1921ರ ಹೊತ್ತಿಗೆ ಮಂಡಳಿ ಭಾರಿ ಋಣದಲ್ಲಿತ್ತು. ಬಾಲಗಂಧರ್ವರು ಆ ಹೊಣೆಯನ್ನು ತಾವೇ ಹೊತ್ತು ವರ್ಷಗಟ್ಟಲೆ ದುಡಿದು ತೀರಿಸಿದರು. ಅದೇ 1921ರ ಜುಲೈ 8ರಂದು ಮುಂಬಯಿಯಲ್ಲಿ ಲಲಿತಕಲಾದರ್ಶ ಮಂಡಳಿಯ ಕೇಶವರಾವ್ ಭೋಸಲೆಯವರೊಡನೆ ಕೂಡಿ ತಿಲಕ್ ಸ್ವರಾಜ್ಯ ನಿಧಿಗಾಗಿ ಸಂಯುಕ್ತ ಮಾನಾಪಮಾನ ಆಡಿದರು. ಸ್ವಂತ ಮನೆಗೆ ಸಾಲಗಾರರು ಬರುತ್ತಿದ್ದ ವರ್ಷದಲ್ಲಿಯೇ ದೇಶದ ನಿಧಿಗೆ ಅವರ ಭಾಮಿನಿ ಹಣ ಕೂಡಿಸಿಕೊಟ್ಟಳು.

ಕಾಲ ಬದಲಾಯಿತು. 1931ರಲ್ಲಿ ಭಾರತದ ಚಲನಚಿತ್ರ ಮಾತಾಡತೊಡಗಿತು. ಮರುವರ್ಷವೇ ಪ್ರಭಾತ ಕಂಪನಿಯ ಮರಾಠಿ ಚಿತ್ರದಲ್ಲಿ ಪ್ರತಿಷ್ಠಿತ ಮನೆತನದ ದುರ್ಗಾ ಖೋಟೆಯವರು ತಾರಾಮತಿಯಾಗಿ ಕಾಣಿಸಿಕೊಂಡರು. ಹೀರಾಬಾಯಿ ಬಡೋದೆಕರರಂಥ ಗಾಯಕಿಯರು ರಂಗದ ಮೇಲೂ ಬಂದರು. ಹೆಣ್ಣೇ ಹೆಣ್ಣಾಗಿ ನಿಂತ ಮೇಲೆ ಐವತ್ತರತ್ತ ಸಾಗುತ್ತಿದ್ದ ಗಂಡಸಿನ ಸ್ತ್ರೀವೇಷ ಎಷ್ಟು ದಿನ ಸಾಗೀತು? 1935ರಲ್ಲಿ ವಿ. ಶಾಂತಾರಾಮರ ಧರ್ಮಾತ್ಮಾ ಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥರಾದರು. ಚಿತ್ರ ಒಳ್ಳೆಯದೇ, ಪಾತ್ರ ಘನವಾದುದೇ. ಆದರೆ ಮೂವತ್ತು ವರ್ಷ ಶಕುಂತಲೆ, ಭಾಮಿನಿ, ರುಕ್ಮಿಣಿ, ಸಿಂಧುವರಾಗಿ ಕಂಡವರನ್ನು ಗಂಡಸಾಗಿ ಕಾಣಲು ಜನರ ಕಣ್ಣು ಒಪ್ಪಲಿಲ್ಲ. ವೇಷವೇ ಅವರ ನಿಜವೆಂದೂ ಅವರ ನಿಜವೇ ವೇಷವೆಂದೂ ಲೋಕ ತೀರ್ಮಾನಿಸಿಬಿಟ್ಟಿತ್ತು. ಅತಿಯಾದ ಯಶಸ್ಸು ತಂದ ಪರಿಣಾಮಗಳಲ್ಲಿ ಇದೇ ಅತ್ಯಂತ ಕಠಿಣವಾದುದೆಂದು ನಾವು ಭಾವಿಸುತ್ತೇವೆ.

ಇಲ್ಲಿಂದ ಮುಂದೆ ಕನ್ನಡದ ಹೆಣ್ಣುಮಗಳೊಬ್ಬಳು ಈ ಕಥೆಯೊಳಗೆ ಬರುತ್ತಾಳೆ. ವಿಜಾಪುರ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ ಹಿನ್ನೆಲೆ ಗಾಯಕಿಯಾಗಿ ಹೆಸರಾದ ಅಮೀರಬಾಯಿಯವರ ಸೋದರಿ. ಗೋಹರಬಾಯಿ ಬಾಲಗಂಧರ್ವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಅವರ ಗಾಯನದ ಬೆಡಗನ್ನು ತಮ್ಮದಾಗಿಸಿಕೊಂಡಿದ್ದರು. ಹೆಣ್ಣಾಗಿ ಹಾಡಿದ ಗಂಡಿನಿಂದ ಹೆಣ್ಣೊಬ್ಬಳು ಹಾಡು ಕಲಿತಿದ್ದಳು. 1930ರ ದಶಕದ ಕೊನೆಯಲ್ಲಿ ಅವರು ಮಂಡಳಿಯನ್ನು ಸೇರಿದರು. ಬಾಲಗಂಧರ್ವರು ಬಿಟ್ಟುಕೊಟ್ಟ ಸ್ತ್ರೀಪಾತ್ರಗಳನ್ನು ಅವರೇ ವಹಿಸಿದರು. ಬಾಲಗಂಧರ್ವರು ಗಂಡುಪಾತ್ರಕ್ಕೆ ಸರಿದರು. 1940ರಲ್ಲಿ ಲಕ್ಷ್ಮೀಬಾಯಿಯವರು ತೀರಿಕೊಂಡರು. 1951ರಲ್ಲಿ ಬಾಲಗಂಧರ್ವರು ಗೋಹರಬಾಯಿಯವರನ್ನು ವಿವಾಹವಾದರು.

ರಸಿಕರಲ್ಲಿ ಅನೇಕರು ಇದನ್ನು ಸಹಿಸಲಿಲ್ಲ. ಮಂಡಳಿಯ ಇಳಿಗಾಲಕ್ಕೆ ಗೋಹರಬಾಯಿಯೇ ಕಾರಣವೆಂದು ದೂರಿದರು. ಅನ್ಯಮತ, ಅನ್ಯಭಾಷೆ, ಹಾಡುವ ವೃತ್ತಿ ಎಲ್ಲವೂ ಆ ದೂರಿಗೆ ಒದಗಿದವು. ಆದರೆ ಬೋಲುಪಟದ ಪೈಪೋಟಿ, ಹಳೆಯ ದುಂದು, ಏರುತ್ತಿದ್ದ ವಯಸ್ಸು, ಇವು ಯಾವುವೂ ಗೋಹರಬಾಯಿ ತಂದವಲ್ಲ. ಸ್ತ್ರೀವೇಷದ ಗಂಡಸನ್ನು ದೇವತೆಯೆಂದು ಕೈಮುಗಿದ ಜನರೇ ಅದೇ ರಂಗದ ಮೇಲೆ ಅದೇ ಹಾಡನ್ನು ಹಾಡಿದ ಹೆಣ್ಣನ್ನು ಮನೆಯೊಳಗೆ ಕರೆಯಲಿಲ್ಲ. ಬಾಲಗಂಧರ್ವರ ಕಾಲುಗಳ ಶಕ್ತಿ ಉಡುಗಿದ ಮೇಲೆ, ಕುಳಿತಲ್ಲೇ ಭಜನೆ ಹಾಡುತ್ತಿದ್ದ ಬಡತನದ ದಿನಗಳಲ್ಲಿ, ಅವರ ಜೊತೆಗಿದ್ದು ಸಂಸಾರ ನಡೆಸಿದವರು ಅವರೇ. 1964ರಲ್ಲಿ ಗೋಹರಬಾಯಿ ಕಣ್ಮುಚ್ಚಿದರು. ಅದೇ ವರ್ಷ ಬಾಲಗಂಧರ್ವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. 1967ರ ಜುಲೈ 15ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಂಗಮಂದಿರ ಮರುವರ್ಷ ಜೂನ್ 26ರಂದು, ಅವರ ಜನ್ಮದಿನದಂದೇ, ಅಲ್ಲಿ ತೆರೆಯಿತು. ಗೋಹರಬಾಯಿಯವರ ಹೆಸರನ್ನು ನೆನೆಯುವ ಹೊಣೆಯಾದರೂ ಕನ್ನಡಿಗರಾದ ನಮ್ಮ ಮೇಲಿದೆ.

ಈ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದಕ್ಕೆ ಬೇರೊಂದು ಕಾರಣವೂ ಉಂಟು. ನಮ್ಮ ಶಾಲೆಯ ಮೊದಲ ದಶಕಗಳ ಸ್ನೇಹ ಸಮ್ಮೇಳನಗಳಲ್ಲಿ ಸೀತೆಯೂ ದ್ರೌಪದಿಯೂ ಹುಡುಗರೇ ಆಗಿದ್ದರು. ಈಗ ನಮ್ಮ ಹುಡುಗಿಯರು ತಮ್ಮ ಪಾತ್ರವನ್ನು ತಾವೇ ಮಾಡುತ್ತಾರೆ, ಬೇಕಾದರೆ ಭೀಮನ ಗದೆಯನ್ನೂ ಹೊರುತ್ತಾರೆ. ಹುಡುಗಿಯೊಬ್ಬಳು ಮೀಸೆ ಅಂಟಿಸಿಕೊಂಡು ಬಂದರೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಹುಡುಗನೊಬ್ಬ ಸೀರೆಯುಟ್ಟು ಚೆನ್ನಾಗಿ ಅಭಿನಯಿಸಿದರೆ ಮಾತ್ರ ಮರುದಿನದಿಂದ ಅವನಿಗೆ ಅಡ್ಡಹೆಸರು ಬೀಳುತ್ತದೆ. ಆ ಹೆಸರು ಕೆಲವೊಮ್ಮೆ ಅವನು ಶಾಲೆ ಬಿಟ್ಟರೂ ಅವನನ್ನು ಬಿಡುವುದಿಲ್ಲ. ಅಂಥ ಹುಡುಗರ ಬಾಡಿದ ಮುಖವನ್ನು ಶಿಕ್ಷಕರಾದ ನಾವು ಕಂಡಿದ್ದೇವೆ. ಒಬ್ಬ ಗಂಡಸು ಸೀರೆಯುಟ್ಟು ಒಂದು ನಾಡಿನ ಹೆಂಗಸರಿಗೆಲ್ಲ ಸೆರಗು ಹೊದೆಯುವ ರೀತಿ ಕಲಿಸಿದನೆಂಬುದನ್ನು ಅಡ್ಡಹೆಸರಿಡುವ ಮಕ್ಕಳಿಗೆ ನಾವು ತಿಳಿಸಿ ಹೇಳಬೇಕು. ವೇಷ ಕಳಚಿದ ಮೇಲೆ ಉಳಿಯುವ ಮನುಷ್ಯನನ್ನು ಅವನ ಹೆಸರಿನಿಂದಲೇ ಕರೆಯುವ ಸೌಜನ್ಯವನ್ನೂ ಕಲಿಸಬೇಕು. ನೂರು ವರ್ಷ ತುಂಬಿದ ಶಾಲೆಗೆ ಅಷ್ಟು ಸಾಧ್ಯವಾಗದಿರದು.