ಮಕ್ಕಳನ್ನು ನಗಿಸಿದ ಪಂಡಿತ

ಮನೆ ಭೇಟಿಗೆಂದು ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಾಗಲಿ ಹೋದಾಗ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೂರು ವರ್ಷದ ಮಗುವನ್ನು ಬಂದವರ ಮುಂದೆ ನಿಲ್ಲಿಸಿ ಅಕ್ಷರಮಾಲೆ ಒಪ್ಪಿಸಲು ಹೇಳುತ್ತಾರೆ. ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಪುಸ್ತಕವೆಂದರೆ ಹೆದರಿಕೆ ಎಂಬ ಪಾಠವನ್ನು ಅದು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿತುಬಿಟ್ಟಿದೆ. ಇದು ಯಾರ ತಪ್ಪು? ಇಂತಹ ಹೊತ್ತಿನಲ್ಲಿ ನನಗೆ ಪಂಜೆ ಮಂಗೇಶರಾಯರು ನೆನಪಾಗುತ್ತಾರೆ.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ. ಓದುವ ವಯಸ್ಸಿನಲ್ಲೇ ತಂದೆ ತೀರಿಹೋದರು. ಕಷ್ಟಪಟ್ಟು ಓದಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ದುಡಿದರು. ಕೊಡಗಿನ ಜನ ಇಂದಿಗೂ ಮೆಚ್ಚುವ ಹುತ್ತರಿ ಹಾಡನ್ನು ಬರೆದವರು ಅವರೇ.

ಅವರ ಪಾಂಡಿತ್ಯ ಸಾಮಾನ್ಯವಾದುದಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ ಹಳಗನ್ನಡದ ಕಠಿಣ ವ್ಯಾಕರಣ ಗ್ರಂಥ. 1920ರಲ್ಲಿ ಬಾಸೆಲ್ ಮಿಶನ್ ಅದನ್ನು ಹೊರತಂದಾಗ ಪರಿಷ್ಕರಿಸಿದವರು ಪಂಜೆಯವರು. ಅದೇ ಲೇಖನಿಯಿಂದ ಅವರು ಬರೆದ ಮಕ್ಕಳ ಕಥೆಗಳ ಹೆಸರುಗಳನ್ನು ಕೇಳಿ: ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ’, ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟದೇವರು’. ಹೆಸರು ಕೇಳಿದರೇ ಮಗು ನಗುತ್ತದೆ! ಇಂಗ್ಲಿಷಿನ ಮೂರು ಕರಡಿಗಳ ಕಥೆಯನ್ನೂ ಅವರು ನಮ್ಮ ಮಕ್ಕಳ ಅಂಗಳಕ್ಕೆ ತಂದರು.

ಇಷ್ಟು ದೊಡ್ಡ ಪಂಡಿತರಿಗೆ ಹೇನು, ಕಾಗೆ, ಸಿಗಡಿ ಏಕೆ ಬೇಕಾದವು? ಮಗು ಮೊದಲು ಭಾಷೆಯ ಜೊತೆ ಆಡುತ್ತದೆ, ಅನಂತರ ಅದನ್ನು ಓದುತ್ತದೆ ಎಂಬುದನ್ನು ಅವರು ಶಾಲೆಗಳಲ್ಲಿ ಕಣ್ಣಾರೆ ಕಂಡಿದ್ದರು. ಸಿಗಡಿಯ ಕಥೆಯನ್ನೇ ನೋಡಿ. ಒಂದು ಸಣ್ಣ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ಸರಪಳಿಯಂತೆ ದಾಟುತ್ತಾ ಹೋಗುತ್ತದೆ. ಎರಡು ಸಲ ಕೇಳಿದ ಮಗು ಮೂರನೆಯ ಸಲ ಮುಂದಿನ ಮಾತನ್ನು ತಾನೇ ಹೇಳುತ್ತದೆ. ನಗುನಗುತ್ತಲೇ ನೆನಪು, ಕ್ರಮ, ಕಾರಣ ಎಲ್ಲವನ್ನೂ ಕಲಿಯುತ್ತದೆ. ಬೆತ್ತ ಬೇಕಾಗಲಿಲ್ಲ.

1921ರಲ್ಲಿ ಪಂಜೆಯವರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಹೆಸರಿನ ಆಸೆಯೂ ಅವರಿಗಿರಲಿಲ್ಲ. ಕವಿತೆಗಳಿಗೆ ಕವಿಶಿಷ್ಯ ಎಂದು, ಹಾಸ್ಯ ಬರಹಗಳಿಗೆ ಹರಟೆಮಲ್ಲ ಎಂದು ಸಹಿ ಹಾಕಿ ತಾವು ಮರೆಯಲ್ಲಿ ನಿಂತರು.

ಅವರ ಬಾಳಿನ ಕೊನೆಯ ಅಧ್ಯಾಯ ನಮ್ಮ ಭಾಗಕ್ಕೆ ಸೇರಿದ್ದು ಎಂಬುದನ್ನು ಎಷ್ಟು ಮಂದಿ ಬಲ್ಲರು? 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ರಾಯಚೂರು, ಬೀದರ್ ಎರಡೂ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತವೂ ಶಾಲೆಯೂ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಾಲವದು. ಪಂಜೆಯವರು 1937ರ ಅಕ್ಟೋಬರಿನಲ್ಲಿ ಕಣ್ಮುಚ್ಚಿದ್ದು ಹೈದರಾಬಾದಿನಲ್ಲಿ.

ಪ್ರಿಯ ತಂದೆತಾಯಂದಿರೇ, ಪಂಜೆಯವರ ಕಾಲದಲ್ಲಿ ಬಣ್ಣದ ಚಿತ್ರಗಳಿರುವ ಮಕ್ಕಳ ಪುಸ್ತಕ ಅಪರೂಪ. ಅವರು ಮಾತಿನಲ್ಲೇ ಚಿತ್ರ ಬಿಡಿಸಬೇಕಾಯಿತು. ಇಂದು ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನಂತಹ ಸಂಸ್ಥೆಗಳು ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡುತ್ತಿವೆ. ಆದರೂ ತಮಾಷೆಯ ಪುಸ್ತಕಕ್ಕೆ ಹಣ ಹಾಕುವುದು ದಂಡ ಎಂದು ಎಷ್ಟೋ ಮನೆಗಳಲ್ಲಿ ಭಾವಿಸುತ್ತಾರೆ. ಅಳುವ ಮಗುವಿನ ಕೈಗೆ ಮೊಬೈಲು ಕೊಡಲು ಮಾತ್ರ ನಾವು ಹಿಂದೆಮುಂದೆ ನೋಡುವುದಿಲ್ಲ.

ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಪುಟವನ್ನು ಅದೇ ತಿರುಗಿಸಲಿ. ಚಿತ್ರದಲ್ಲಿ ಕಾಗೆ ಬಂದರೆ ಅಪ್ಪನೇ ಕಾಗೆಯಂತೆ ಕೂಗಲಿ, ಕರಡಿ ಬಂದರೆ ಗುರುಗುಟ್ಟಲಿ. ಅಕ್ಷರ ಯಾವುದೆಂದು ಕೇಳಬೇಡಿ, ಮುಂದೇನಾಗುತ್ತದೆ ಎಂದು ಕೇಳಿ. ಅದೇ ಪುಸ್ತಕ ಹತ್ತು ಸಲ ಬೇಕೆಂದರೆ ಹತ್ತು ಸಲವೂ ಓದಿ. ಮನೆಯಲ್ಲಿ ಮರಾಠಿ, ತೆಲುಗು, ದಖ್ಖನಿ ಯಾವ ಮಾತಿದ್ದರೂ ಚಿತ್ರ ಎಲ್ಲರಿಗೂ ಒಂದೇ. ಕಥೆಯನ್ನು ನಿಮ್ಮ ಮಾತಿನಲ್ಲೇ ಹೇಳಬಹುದು. ಓದಲು ಬಾರದ ತಾಯಿಗೂ ಚಿತ್ರ ನೋಡಿ ಕಥೆ ಕಟ್ಟಲು ಬರುತ್ತದೆ. ಅಜ್ಜಿಯರಿಗಂತೂ ಯಾರೂ ಕಲಿಸಬೇಕಾಗಿಲ್ಲ.

ಶಬ್ದಮಣಿದರ್ಪಣವನ್ನು ಅರಗಿಸಿಕೊಂಡ ಪಂಡಿತರು ಪುಟಾಣಿಗಳಿಗಾಗಿ ಹೇನು, ಕಾಗೆಗಳ ಮಟ್ಟಕ್ಕೆ ಬಗ್ಗಿದರು. ಅದರಿಂದ ಅವರು ಚಿಕ್ಕವರಾಗಲಿಲ್ಲ. ಮಗುವಿನ ಎತ್ತರಕ್ಕೆ ನಾವೂ ಒಮ್ಮೆ ಬಗ್ಗಿ ನೋಡೋಣವೇ?