ಬಿ. ಎಲ್. ರೈಸ್ ಮಹಾಶಯರ ಚರಿತ್ರಸಂಗ್ರಹ

ಶಿವಮೊಗ್ಗೆಯ ಸೀಮೆಯಲ್ಲಿ ಗುಡಿಯ ಅಂಗಳಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಶತಮಾನಗಳಿಂದ ನಿಂತಿದ್ದ ಶಿಲಾಶಾಸನಗಳನ್ನು ಓದಬಲ್ಲವರು ವಿರಳರಾಗಿ, ಜನರು ಅವುಗಳನ್ನು ಬರಿಯ ಕಲ್ಲುಗಳೆಂದೇ ಭಾವಿಸಿದ್ದ ಕಾಲವೊಂದಿತ್ತು. ಆ ಕಲ್ಲುಗಳ ಮಾತನ್ನು ಲೋಕಕ್ಕೆ ಕೇಳಿಸಿದವರಲ್ಲಿ ಬೆಂಜಮಿನ್ ಲೂಯಿ ರೈಸ್ ಮಹಾಶಯರು ಅಗ್ರಗಣ್ಯರು.

ಇವರು 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆಯವರು ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡವನ್ನು ಚೆನ್ನಾಗಿ ಬಲ್ಲವರು. ರೈಸರು ಇಂಗ್ಲೆಂಡಿನಲ್ಲಿ ವ್ಯಾಸಂಗವನ್ನು ಮುಗಿಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಾಧ್ಯಾಪಕರಾಗಿ ಹುಟ್ಟೂರಿಗೆ ಮರಳಿದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ನಗರ ಪ್ರಾಂತದ ರೈತರ ದಂಗೆಯ ತರುವಾಯ 1831ರಲ್ಲಿ ಬ್ರಿಟಿಷರ ಕೈಸೇರಿದ್ದ ಮೈಸೂರು ಸಂಸ್ಥಾನವು ಆಗ ಕಮಿಷನರ ಆಡಳಿತದಲ್ಲಿತ್ತು.

1865ರಲ್ಲಿ ರೈಸರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರಾದರು. ಹೋಬಳಿಗೊಂದು ಕನ್ನಡ ಶಾಲೆ ಇರಬೇಕೆಂಬ 1868ರ ಯೋಜನೆಯನ್ನು ರೂಪಿಸಿದವರು ಇವರೇ. ಶಾಲೆಗಳ ತನಿಖೆಗೆಂದು ಹೊರಟ ಸಂಚಾರದಲ್ಲಿಯೇ ಶಾಸನಗಳು ಇವರ ಮನಸ್ಸನ್ನು ಸೆಳೆದವು. ಕಮಿಷನರಾದ ಬೌರಿಂಗ್ ಮಹಾಶಯರು ತೆಗೆಯಿಸಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ, ಅನುವಾದಿಸಿ, 1879ರಲ್ಲಿ ಪ್ರಕಟಿಸಿದರು. ವಿದ್ಯಾ ಇಲಾಖೆಯ ಡೈರೆಕ್ಟರ್ ಪದವಿ, 1877ರ ಗೆಜೆಟಿಯರ್ ರಚನೆ, 1882ರ ವಿದ್ಯಾ ಆಯೋಗದ ಕಾರ್ಯದರ್ಶಿತ್ವ, ಇಷ್ಟು ಹೊಣೆಗಳ ನಡುವೆಯೂ ಶಾಸನವ್ಯಾಸಂಗವು ನಿಲ್ಲಲಿಲ್ಲ. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದ ಮೇಲೆಯೂ ಇವರು ಅದರ ಸೇವೆಯಲ್ಲಿಯೇ ಉಳಿದರು. 1890ರಿಂದ ಪ್ರಾಚ್ಯಶೋಧನೆಯೇ ಇವರ ಪೂರ್ಣ ಉದ್ಯೋಗವಾಯಿತು.

ಇದರ ಫಲವೇ ಸುಮಾರು 9,000 ಶಾಸನಗಳನ್ನೊಳಗೊಂಡ, ಹನ್ನೆರಡು ಸಂಪುಟಗಳ ಎಪಿಗ್ರಾಫಿಯ ಕರ್ಣಾಟಿಕ. 1902ರ ಏಳನೆಯ ಸಂಪುಟವೂ 1904ರ ಎಂಟನೆಯದೂ ಶಿವಮೊಗ್ಗ ಜಿಲ್ಲೆಗೆ ಮೀಸಲಾದವು. ಇಂದಿನ ಭದ್ರಾವತಿಯು ಆಗ ಬೆಂಕಿಪುರವೆನಿಸಿತ್ತು. ಕಬ್ಬಿಣದ ಕಾರ್ಖಾನೆಯಿನ್ನೂ ಹುಟ್ಟಿರಲಿಲ್ಲ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೇ ಊರಿನ ಹಿರಿಮೆಯಾಗಿತ್ತು. ಕದಂಬ ಮಯೂರಶರ್ಮನ ವೃತ್ತಾಂತವನ್ನು ತಿಳಿಸುವ ತಾಳಗುಂದದ ಸ್ತಂಭಶಾಸನವು ಏಳನೆಯ ಸಂಪುಟದಲ್ಲಿದೆ.

ಮಠಭಕ್ತರು ವಿಶೇಷವಾಗಿ ಸ್ಮರಿಸತಕ್ಕದ್ದು ಅದೇ ಸಂಪುಟದ ಬಳ್ಳಿಗಾವೆಯ ಶಾಸನಗಳನ್ನು. ಅಲ್ಲಮಪ್ರಭುದೇವರ ನೆಲೆಯೆಂದು ಪ್ರಸಿದ್ಧವಾದ ಆ ಊರಿನಲ್ಲಿ ಕಾಳಾಮುಖ ಯತಿಗಳ ಕೋಡಿಯ ಮಠವಿತ್ತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದಿತೆಂದೂ, ದೀನರಿಗೂ ಕುರುಡರಿಗೂ ಕುಂಟರಿಗೂ ನಿತ್ಯವೂ ಅನ್ನವಿದ್ದಿತೆಂದೂ, ರೋಗಿಗಳಿಗೆ ಚಿಕಿತ್ಸೆಯೂ ಅಂಜಿ ಬಂದವರಿಗೆ ಅಭಯವೂ ದೊರೆಯುತ್ತಿದ್ದುವೆಂದೂ 1162ರ ಶಾಸನವು ಸಾರುತ್ತದೆ. ಮಠವೆಂಬುದು ಈ ನಾಡಿನಲ್ಲಿ ಪಾಠಶಾಲೆಯೂ ಅನ್ನಛತ್ರವೂ ವೈದ್ಯಶಾಲೆಯೂ ಆಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದನ್ನು ಅಚ್ಚಿಗೆ ತಂದವರು ಅನ್ಯಮತದ ಪಾದ್ರಿಯ ಪುತ್ರರು.

ಇವರ ಕಾರ್ಯವು ದೋಷರಹಿತವೆಂದು ಹೇಳಲಾಗದು. ಗಂಗರ ಕೆಲವು ತಾಮ್ರಶಾಸನಗಳನ್ನು ಇವರು ನಂಬಿದುದನ್ನು ಫ್ಲೀಟ್ ಮಹಾಶಯರು ತೀವ್ರವಾಗಿ ಖಂಡಿಸಿದರು. ಮುಂದಿನ ವಿದ್ವಾಂಸರು ಅನೇಕ ಪಾಠಗಳನ್ನು ತಿದ್ದಿದರು. ನಾಡಿನ ಪಂಡಿತರ ನೆರವಿಲ್ಲದೆ ಇಷ್ಟು ಕಾರ್ಯವು ಒಬ್ಬರಿಂದ ಆಗುವಂತೆಯೂ ಇರಲಿಲ್ಲ. ಆದರೆ ತಿದ್ದುವವರ ಕೈಗೆ ಪಾಠವನ್ನು ಒದಗಿಸಿಕೊಟ್ಟ ಕೀರ್ತಿ ರೈಸರದೇ.

1906ರಲ್ಲಿ ನಿವೃತ್ತರಾದ ರೈಸ್ ಮಹಾಶಯರು ಇಂಗ್ಲೆಂಡಿನಲ್ಲಿ ನೆಲೆಸಿ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ರಚಿಸಿ 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋ ಪಟ್ಟಣದಲ್ಲಿ ದಿವಂಗತರಾದರು. ತಮ್ಮ ಊರ ಗುಡಿಯ ಶಾಸನಕ್ಕೆ ಸುಣ್ಣ ಬಳಿಯದೆ, ಅದನ್ನು ಮೆಟ್ಟಿಲಿಗೆ ಹಾಸದೆ ಕಾಪಾಡುವ ಭಕ್ತರು ಆ ಮಹನೀಯರ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾಗುವುದು.